ಪಟ್ಟದ ಲೆಕ್ಕ, ಚಾಲಕನ ತೂಕ

1958ರ ಆಗಸ್ಟ್ 24, ಪೋರ್ಚುಗಲ್‌ನ ಪೋರ್ಟೊ ನಗರ. ಟ್ರಾಮ್ ಕಂಬಿಗಳು ಹಾದುಹೋಗುವ ಬೋವಿಸ್ಟಾ ಬೀದಿಗಳಲ್ಲಿ ಫಾರ್ಮುಲಾ ಒನ್ ರೇಸ್ ಆಗತಾನೇ ಮುಗಿದಿತ್ತು. ವ್ಯಾನ್‌ವಾಲ್ ಕಾರಿನಲ್ಲಿ ಸ್ಟರ್ಲಿಂಗ್ ಮಾಸ್ ಗೆದ್ದಿದ್ದರು, ಫೆರಾರಿಯ ಮೈಕ್ ಹಾಥಾರ್ನ್ ಎರಡನೆಯವರು. ಆದರೆ ಹಾಥಾರ್ನ್ ಮೇಲೆ ಒಂದು ದೂರು ಬಂದಿತ್ತು. ಕೊನೆಯಲ್ಲಿ ಅವರ ಕಾರು ಗಿರಕಿ ಹೊಡೆದು ನಿಂತಾಗ, ಅದನ್ನು ಮತ್ತೆ ಚಾಲೂ ಮಾಡಲು ರೇಸಿನ ಎದುರು ದಿಕ್ಕಿಗೆ ಉರುಳಿಸಿದರು ಎಂಬುದು ದೂರು. ಅದು ನಿಜವೆಂದಾದರೆ ಎರಡನೇ ಸ್ಥಾನವೂ ಹೋಗುತ್ತಿತ್ತು, ಅದರ ಪಾಯಿಂಟ್‌ಗಳೂ ಹೋಗುತ್ತಿದ್ದವು. ಆ ವರ್ಷ ವಿಶ್ವ ಚಾಂಪಿಯನ್ ಪಟ್ಟಕ್ಕೆ ಪೈಪೋಟಿ ಇದ್ದದ್ದೇ ಇವರಿಬ್ಬರ ನಡುವೆ. ಅಂಥ ಹೊತ್ತಿನಲ್ಲಿ ಅಧಿಕಾರಿಗಳ ಮುಂದೆ ಹೋಗಿ ಹಾಥಾರ್ನ್ ಪರವಾಗಿ ಸಾಕ್ಷಿ ಹೇಳಿದವರು ಮಾಸ್. ತಾನು ಕಣ್ಣಾರೆ ಕಂಡಿದ್ದೇನೆ, ಕಾರು ಇದ್ದದ್ದು ಟ್ರ್ಯಾಕಿನ ಮೇಲಲ್ಲ, ಪಕ್ಕದ ಕಾಲುದಾರಿಯ ಮೇಲೆ, ಆದ್ದರಿಂದ ನಿಯಮ ಮುರಿದಿಲ್ಲ ಎಂದರು. ದೂರು ಬಿದ್ದುಹೋಯಿತು.

ಅದೇ ಅಕ್ಟೋಬರ್‌ನಲ್ಲಿ ಮೊರಾಕೊದ ಕಾಸಾಬ್ಲಾಂಕಾದಲ್ಲಿ ಕೊನೆಯ ರೇಸ್. ಮಾಸ್ ಗೆದ್ದರು, ಅತಿ ವೇಗದ ಸುತ್ತಿನ ಪಾಯಿಂಟನ್ನೂ ಪಡೆದರು. ಹಾಥಾರ್ನ್ ಎರಡನೆಯವರಾಗಿ ಬಂದರು, ಅಷ್ಟು ಸಾಕಾಯಿತು. ವರ್ಷದ ಲೆಕ್ಕ: ಹಾಥಾರ್ನ್ 42, ಮಾಸ್ 41. ಮಾಸ್ ಗೆದ್ದದ್ದು ನಾಲ್ಕು ರೇಸ್, ಹಾಥಾರ್ನ್ ಒಂದೇ ಒಂದು. ಪೋರ್ಟೊದ ಏಳು ಪಾಯಿಂಟ್ ಕಳೆದಿದ್ದರೆ, ಉತ್ತಮ ಫಲಿತಾಂಶಗಳನ್ನಷ್ಟೇ ಎಣಿಸುವ ಆಗಿನ ನಿಯಮದಂತೆ ಅದರ ಬದಲಿಗೆ ಅವರ ಮುಂದಿನ ಒಳ್ಳೆಯ ಫಲಿತಾಂಶವನ್ನು ಹಿಡಿದರೂ ಹಾಥಾರ್ನ್ 39ಕ್ಕೆ ನಿಲ್ಲುತ್ತಿದ್ದರು. ಅದೇ ಪೋರ್ಟೊದಲ್ಲಿ ಇನ್ನೊಂದು ಸಣ್ಣ ಸಂಗತಿಯೂ ನಡೆದಿತ್ತು. ಹಾಥಾರ್ನ್ ಅತಿ ವೇಗದ ಸುತ್ತಿನ ದಾಖಲೆ ಮಾಡಿದ್ದಾರೆಂದು ಮಾಸ್ ತಂಡದವರು ಫಲಕದ ಮೇಲೆ 'ರೆಕ್' ಎಂದು ಬರೆದು ತೋರಿಸಿದರು. ಧಾವಿಸುವ ಕಾರಿನಿಂದ ಮಾಸ್ ಅದನ್ನು 'ರೆಗ್' ಎಂದು ಓದಿಕೊಂಡರು. ಎದುರಾಳಿ ಮಾಮೂಲಿ ವೇಗದಲ್ಲಿದ್ದಾರೆ ಎಂದು ತಿಳಿದು ಸುಮ್ಮನಾದರು. ಆ ಒಂದು ಪಾಯಿಂಟ್ ಆಗ ಮಾಸ್ ಕೈಸೇರಿದ್ದರೆ ಕೊನೆಯ ಲೆಕ್ಕ ತಿರುಗುಮುರುಗಾಗಿ ಮಾಸ್ 42, ಹಾಥಾರ್ನ್ 41 ಆಗುತ್ತಿತ್ತು.

ಮಾಸ್ 1955ರಿಂದ 1958ರವರೆಗೆ ನಾಲ್ಕು ವರ್ಷ ಎರಡನೇ ಸ್ಥಾನದಲ್ಲಿದ್ದರು, ಮುಂದಿನ ಮೂರು ವರ್ಷ ಮೂರನೇ ಸ್ಥಾನದಲ್ಲಿ. 66 ರೇಸುಗಳಲ್ಲಿ 16 ಗೆಲುವು. ಪಟ್ಟ ಮಾತ್ರ ಎಂದೂ ಸಿಗಲಿಲ್ಲ. ಹಾಗಾದರೆ ಅವರನ್ನು ಎಲ್ಲಿ ಕೂರಿಸುವುದು? 1950ರಿಂದ 2025ರವರೆಗೆ ವಿಶ್ವ ಚಾಂಪಿಯನ್ ಆದವರು 35 ಮಂದಿ. ಪಟ್ಟವೇ ಅಳತೆಗೋಲು ಎಂದಾದರೆ ಆ 35 ಜನರೂ ಮಾಸ್‌ಗಿಂತ ದೊಡ್ಡವರು. ಕಾರ್ ರೇಸಿನ ಚರಿತ್ರೆಯನ್ನು ಸ್ವಲ್ಪವಾದರೂ ಓದಿದ ಯಾರೂ ಈ ಮಾತನ್ನು ಒಪ್ಪಲಾರರು. ಆದರೂ ಪ್ರತಿ ಬಾರಿ 'ಸಾರ್ವಕಾಲಿಕ ಶ್ರೇಷ್ಠ ಯಾರು' ಎಂಬ ಮಾತು ಎದ್ದಾಗ ಎಲ್ಲರೂ ಮೊದಲು ಎಣಿಸುವುದು ಪಟ್ಟಗಳನ್ನೇ: ಶುಮಾಕರ್ ಏಳು, ಹ್ಯಾಮಿಲ್ಟನ್ ಏಳು, ಫಾಂಜಿಯೊ ಐದು. ಎಣಿಕೆ ಮುಗಿಯುತ್ತಿದ್ದಂತೆ ಚರ್ಚೆಯೂ ಮುಗಿದಂತೆ ವರ್ತಿಸುತ್ತೇವೆ.

ಪಟ್ಟದ ಪರವಾಗಿ ಹೇಳಬೇಕಾದ್ದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಅದು ಸಣ್ಣ ಮಾತಲ್ಲ. ಒಂದು ರೇಸ್ ಗೆಲ್ಲಲು ಒಂದು ಒಳ್ಳೆಯ ದಿನ ಸಾಕು. ವರ್ಷಪೂರ್ತಿ, ಬಿಸಿಲು ಮಳೆಗಳಲ್ಲಿ, ಬೀದಿಯಲ್ಲಿ ಮತ್ತು ಬಯಲಿನಲ್ಲಿ, ಕಾರು ಮಾತು ಕೇಳದ ದಿನವೂ ನಾಲ್ಕು ಪಾಯಿಂಟ್ ಗಳಿಸಿ ಮನೆಗೆ ಬರುವುದು ಬೇರೆಯೇ ವಿದ್ಯೆ. ಅಲೈನ್ ಪ್ರಾಸ್ಟ್ ಆ ವಿದ್ಯೆಯ ದೊಡ್ಡ ಗುರು. ಟೈರು ಸವೆಯದಂತೆ, ಬ್ರೇಕ್ ಕಾಯದಂತೆ ಓಡಿಸಿ, ಕೊನೆಯ ಸುತ್ತುಗಳಲ್ಲಿ ಸದ್ದಿಲ್ಲದೆ ಮುಂದೆ ಬಂದಿರುತ್ತಿದ್ದರು. ನೋಡುವವರ ಎದೆ ಝಲ್ಲೆನ್ನುತ್ತಿರಲಿಲ್ಲ, ಆದರೆ ನಾಲ್ಕು ಪಟ್ಟ ಹಾಗೆ ಬಂದವು. ಅರ್ಜೆಂಟೀನಾದ ಹ್ವಾನ್ ಮ್ಯಾನುಯೆಲ್ ಫಾಂಜಿಯೊ ಐದು ಪಟ್ಟಗಳನ್ನು ಆಲ್ಫಾ ರೋಮಿಯೊ, ಮಸೆರಾಟಿ, ಮರ್ಸಿಡಿಸ್, ಫೆರಾರಿ ಹೀಗೆ ನಾಲ್ಕು ಕಂಪನಿಗಳ ಕಾರುಗಳಲ್ಲಿ ಗೆದ್ದರು. ಮುಂದಿನ ವರ್ಷ ಯಾರ ಕಾರು ಚೆನ್ನಾಗಿರುತ್ತದೆ ಎಂದು ಮೊದಲೇ ಗ್ರಹಿಸಿ ಅಲ್ಲಿಗೆ ಹೋಗುವುದೂ ಚಾಲಕನ ಜಾಣ್ಮೆಯೇ. ಮಾಸ್ ತಮ್ಮ ದೇಶದ ಕಾರುಗಳಲ್ಲೇ ಗೆಲ್ಲಬೇಕೆಂಬ ಹಟ ಹಿಡಿದದ್ದೂ ಅವರಿಗೆ ಪಟ್ಟ ತಪ್ಪಲು ಒಂದು ಕಾರಣ. ಆ ಆಯ್ಕೆಯ ಬೆಲೆಯನ್ನು ಅವರೇ ತೆತ್ತರು, ಗೊಣಗಲಿಲ್ಲ.

ಇಷ್ಟನ್ನೂ ಒಪ್ಪಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಪಟ್ಟ ಅಳೆಯುವುದು ಏನನ್ನು?

ಮೊದಲಿಗೆ, ಅಳತೆಗೋಲೇ ಕಾಲಕಾಲಕ್ಕೆ ಬದಲಾಗಿದೆ. 1950ರಲ್ಲಿ ಗೆದ್ದವರಿಗೆ 8 ಪಾಯಿಂಟ್, 1961ರಿಂದ 9, 1991ರಿಂದ 10, 2010ರಿಂದ 25. ಇದಕ್ಕಿಂತ ದೊಡ್ಡ ತೊಡಕೆಂದರೆ, 1990ರವರೆಗೂ ಎಲ್ಲ ರೇಸುಗಳ ಪಾಯಿಂಟ್ ಲೆಕ್ಕಕ್ಕೆ ಬರುತ್ತಿರಲಿಲ್ಲ. ಚಾಲಕನ ಉತ್ತಮ ಫಲಿತಾಂಶಗಳನ್ನಷ್ಟೇ ಆರಿಸಿ ಕೂಡುತ್ತಿದ್ದರು. 1988ರಲ್ಲಿ ಮೆಕ್ಲಾರೆನ್ ತಂಡದ ಇಬ್ಬರೇ 16ರಲ್ಲಿ 15 ರೇಸ್ ಗೆದ್ದರು: ಐರ್ಟನ್ ಸೆನ್ನಾ ಎಂಟು, ಪ್ರಾಸ್ಟ್ ಏಳು. ಎಲ್ಲವನ್ನೂ ಕೂಡಿದರೆ ಪ್ರಾಸ್ಟ್ 105, ಸೆನ್ನಾ 94. ಉತ್ತಮ ಹನ್ನೊಂದನ್ನು ಮಾತ್ರ ಎಣಿಸಿದರೆ ಸೆನ್ನಾ 90, ಪ್ರಾಸ್ಟ್ 87. ಪಟ್ಟ ಸೆನ್ನಾ ಅವರದ್ದಾಯಿತು. ಈಗಿನ ನಿಯಮದ ಪ್ರಕಾರ ಎಲ್ಲ ರೇಸುಗಳನ್ನೂ ಎಣಿಸಿದ್ದರೆ ಅದು ಪ್ರಾಸ್ಟ್‌ಗೆ ಹೋಗುತ್ತಿತ್ತು. ಇಬ್ಬರ ಚಾಲನೆಯಲ್ಲಿ ಕೂದಲೆಳೆಯಷ್ಟೂ ಬದಲಾಗದೆ ಚಾಂಪಿಯನ್ ಬದಲಾಗುತ್ತಿದ್ದರು.

1984ರ ಕಥೆ ಇನ್ನೂ ವಿಚಿತ್ರ. ಮೊನಾಕೊದಲ್ಲಿ ಧಾರಾಕಾರ ಮಳೆ. ಮುಂದಿದ್ದ ಪ್ರಾಸ್ಟ್ ರೇಸ್ ನಿಲ್ಲಿಸಿ ಎಂದು ಕೈ ಮಾಡುತ್ತಿದ್ದರು. ಹಿಂದಿನಿಂದ ಹೊಸಬ ಸೆನ್ನಾ ಸಣ್ಣ ತಂಡವೊಂದರ ಕಾರಿನಲ್ಲಿ ಪ್ರತಿ ಸುತ್ತಿಗೂ ಹತ್ತಿರವಾಗುತ್ತಿದ್ದರು. ರೇಸ್ ನಿಂತಿತು, ಪ್ರಾಸ್ಟ್ ಗೆದ್ದರು. ಆದರೆ ಓಡಿದ್ದು ನಿಗದಿತ ದೂರದ ಮುಕ್ಕಾಲು ಪಾಲಿಗಿಂತ ಕಡಿಮೆಯಾದ್ದರಿಂದ ಅರ್ಧದಷ್ಟು ಪಾಯಿಂಟ್, ಅಂದರೆ ನಾಲ್ಕೂವರೆ ಮಾತ್ರ. ವರ್ಷದ ಕೊನೆಗೆ ನಿಕಿ ಲೌಡಾ 72, ಪ್ರಾಸ್ಟ್ 71.5. ಆ ದಿನ ರೇಸ್ ಪೂರ್ತಿ ನಡೆದು, ಸೆನ್ನಾ ಮುಂದೆ ಹೋಗಿ, ಪ್ರಾಸ್ಟ್ ಎರಡನೆಯವರಾಗಿದ್ದರೂ ಆರು ಪಾಯಿಂಟ್ ಸಿಗುತ್ತಿತ್ತು, ಪಟ್ಟವೂ ಸಿಗುತ್ತಿತ್ತು. ಅಂದು ಸೋತಿದ್ದರೆ ಅವರು ಚಾಂಪಿಯನ್ ಆಗುತ್ತಿದ್ದರು!

ಎರಡನೆಯದು ಯಂತ್ರ. ನಮ್ಮ ಕರಾವಳಿಯ ಕಂಬಳದಲ್ಲಿ ಕೋಣ ಓಡಿಸುವವನ ಚಳಕವನ್ನು ಎಲ್ಲರೂ ಕೊಂಡಾಡುತ್ತಾರೆ, ಆದರೆ ಕೋಣಗಳ ಓಟವನ್ನು ಮರೆತು ಯಾರೂ ಅವನ ವೇಗವನ್ನಷ್ಟೇ ಅಳೆಯುವುದಿಲ್ಲ. ಫಾರ್ಮುಲಾ ಒನ್‌ನಲ್ಲಿ ಈ ಮರೆವು ಸಾಮಾನ್ಯ. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಚಾಲಕನ ಪಾಲು ಮತ್ತು ತಂಡದ ಪಾಲನ್ನು ಬಿಡಿಸಿ ನೋಡಲು ಯತ್ನಿಸಿತು. ಫಲಿತಾಂಶದಲ್ಲಿ ತಂಡದ ಪಾಲು ಚಾಲಕನ ಪಾಲಿಗಿಂತ ಬಹಳ ಹೆಚ್ಚು ಎಂದು ಅವರು ಕಂಡುಕೊಂಡರು. ಕಾರಿನ ಪಾಲನ್ನು ಕಳೆದ ಮೇಲೂ ಪಟ್ಟಿಯಲ್ಲಿ ಮೊದಲಿಗೆ ಉಳಿದವರು ಫಾಂಜಿಯೊ. ಈ ಕೊನೆಯ ಸಂಗತಿ ನನಗೆ ಸಂತೋಷ ಕೊಟ್ಟಿತು ಎಂದು ಹೇಳಿಕೊಳ್ಳಲು ಸಂಕೋಚವಿಲ್ಲ.

ಇದಕ್ಕೆ ಕನ್ನಡಿಗರು ಹತ್ತಿರದಿಂದ ಕಂಡ ಉದಾಹರಣೆಯೇ ಇದೆ. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ತಂಡ 2008ರಲ್ಲಿ ಕಣಕ್ಕಿಳಿದು ಒಂದೂವರೆ ವರ್ಷ ಒಂದೇ ಒಂದು ಪಾಯಿಂಟ್ ಗಳಿಸಿರಲಿಲ್ಲ. 2009ರ ಆಗಸ್ಟ್‌ನಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಆ ತಂಡದ ಇಟಲಿ ಚಾಲಕ ಜಾನ್‌ಕಾರ್ಲೊ ಫಿಸಿಕೆಲ್ಲಾ ಇದ್ದಕ್ಕಿದ್ದಂತೆ ಪೋಲ್ ಪೊಸಿಷನ್, ಅಂದರೆ ರೇಸ್ ಶುರುವಾಗುವಾಗಿನ ಮೊದಲ ಸ್ಥಾನ, ಹಿಡಿದರು. ರೇಸಿನಲ್ಲಿ ಫೆರಾರಿಯ ಕಿಮಿ ರೈಕೊನೆನ್ ಬೆನ್ನಿಗೇ ಅಂಟಿಕೊಂಡು ಓಡಿ, ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಎರಡನೆಯವರಾದರು. ಮುಂದಿನ ರೇಸಿಗೆ ಅವರನ್ನು ಫೆರಾರಿಯೇ ಕರೆಸಿಕೊಂಡಿತು. ಇಟಲಿಯ ಚಾಲಕನಿಗೆ ಇದಕ್ಕಿಂತ ದೊಡ್ಡ ಕನಸಿಲ್ಲ. ಆದರೆ ಆ ಹೆಸರಾಂತ ಕೆಂಪು ಕಾರಿನಲ್ಲಿ ಉಳಿದ ಐದು ರೇಸುಗಳಲ್ಲಿ ಅವರಿಗೆ ದಕ್ಕಿದ್ದು ಸೊನ್ನೆ. ಎರಡು ವಾರದ ಅಂತರದಲ್ಲಿ ಒಬ್ಬ ಮನುಷ್ಯನ ಪ್ರತಿಭೆ ಬತ್ತಿಹೋಗುವುದಿಲ್ಲ. ಸ್ಪಾದ ನೇರ ಹಾದಿಗಳಿಗೆ ಫೋರ್ಸ್ ಇಂಡಿಯಾ ಕಾರು ಹೇಳಿ ಮಾಡಿಸಿದಂತಿತ್ತು, ಅದರ ನಾಡಿ ಚಾಲಕನಿಗೆ ಗೊತ್ತಿತ್ತು. ಹೊಸ ಕಾರಿನ ನಾಡಿ ಸಿಗಲಿಲ್ಲ, ಅಷ್ಟೆ.

ಹಾಗಿದ್ದರೆ ಒಂದೇ ಕಾರು ಓಡಿಸುವ ಸಹಚಾಲಕರನ್ನು ಹೋಲಿಸಿ ಎನ್ನುವವರಿದ್ದಾರೆ. ಅದು ಪಟ್ಟಕ್ಕಿಂತ ಉತ್ತಮ ಅಳತೆ, ಸಂಶಯವಿಲ್ಲ. ಆದರೆ ಅದನ್ನೂ ಪೂರ್ತಿ ನಂಬುವಂತಿಲ್ಲ. ಮೆಕ್ಲಾರೆನ್‌ನಲ್ಲಿ 2010ರಿಂದ 2012ರವರೆಗೆ ಜೊತೆಗಿದ್ದ ಜೆನ್ಸನ್ ಬಟನ್ ಮತ್ತು ಲೂಯಿಸ್ ಹ್ಯಾಮಿಲ್ಟನ್ ಇಬ್ಬರಲ್ಲಿ ಮೂರು ವರ್ಷದ ಒಟ್ಟು ಪಾಯಿಂಟ್ ಹೆಚ್ಚು ಗಳಿಸಿದವರು ಬಟನ್: 672ಕ್ಕೆ 657. ಹಾಗೆಂದು ಬಟನ್ ಅವರನ್ನು ಹ್ಯಾಮಿಲ್ಟನ್‌ಗಿಂತ ಮೇಲೆ ಇಡುವವರನ್ನು ನಾನು ಕಂಡಿಲ್ಲ. ನಾಲ್ಕು ಪಟ್ಟ ಸಾಲಾಗಿ ಗೆದ್ದು ಬಂದ ಸೆಬಾಸ್ಟಿಯನ್ ವೆಟಲ್ 2014ರಲ್ಲಿ ತಂಡಕ್ಕೆ ಹೊಸಬರಾದ ಡೇನಿಯಲ್ ರಿಕಾರ್ಡೊಗಿಂತ ಬಹಳ ಹಿಂದುಳಿದರು. ಹಾಗಾದರೆ ಆ ನಾಲ್ಕು ಪಟ್ಟಗಳು ಸುಳ್ಳೇ? ಅಲ್ಲ. ಅದರ ಹಿಂದಿನ ವರ್ಷವಷ್ಟೇ ನಮ್ಮ ಬುದ್ಧ್ ಸರ್ಕಿಟ್‌ನಲ್ಲಿ ನಾಲ್ಕನೇ ಪಟ್ಟ ಖಚಿತವಾದಾಗ ವೆಟಲ್ ಕಾರಿನಿಂದ ಇಳಿದು, ನೆಲಕ್ಕೆ ಮಂಡಿಯೂರಿ ಅದಕ್ಕೇ ಕೈಮುಗಿದಿದ್ದರು. ಗೆಲುವಿನಲ್ಲಿ ಯಾರ ಪಾಲು ಎಷ್ಟೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕಾರು ಕೆಟ್ಟುನಿಂತು ತಪ್ಪಿದ ಪಟ್ಟಗಳನ್ನು ಎಣಿಸುತ್ತ ಹೋದರೆ ಸ್ಕಾಟ್ಲೆಂಡಿನ ಜಿಮ್ ಕ್ಲಾರ್ಕ್ ಹತ್ತಿರ ಬಂದು ನಿಲ್ಲಬೇಕಾಗುತ್ತದೆ. ಕ್ಲಾರ್ಕ್ 72 ರೇಸುಗಳಲ್ಲಿ 25 ಗೆದ್ದರು, 33 ಬಾರಿ ಪೋಲ್ ಹಿಡಿದರು. ಪಟ್ಟ ಎರಡೇ, 1963 ಮತ್ತು 1965. ಆದರೆ 1962ರಲ್ಲಿ ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್‌ನಲ್ಲಿ ಕೊನೆಯ ರೇಸಿನಲ್ಲಿ ಮುಂದಿದ್ದಾಗ ಎಣ್ಣೆ ಸೋರಿ ಎಂಜಿನ್ ನಿಂತಿತು, ಪಟ್ಟ ಹೋಯಿತು. 1964ರಲ್ಲಿ ಮೆಕ್ಸಿಕೊದಲ್ಲಿ ಮತ್ತೆ ಕೊನೆಯ ರೇಸ್, ಮತ್ತೆ ಮುಂದೆ, ಮತ್ತೆ ಎಣ್ಣೆ ಸೋರಿಕೆ. ಗೆಲುವು ಕಣ್ಣೆದುರೇ ಇದ್ದಾಗ ಕಾರು ಸೋತಿತು. ಆ ಎರಡು ಸೋರಿಕೆಗಳು ಆಗದಿದ್ದರೆ ಕ್ಲಾರ್ಕ್ ನಾಲ್ಕು ಪಟ್ಟದ ಒಡೆಯರು. ಆದರೆ ಅವರ ಚಾಲನೆಯ ಹದ ತಿಳಿಯಲು ಈ ಯಾವ ಲೆಕ್ಕವೂ ಬೇಡ, 1967ರ ಮೊನ್ಜಾ ಒಂದು ಸಾಕು. ಟೈರ್ ತೊಂದರೆಯಿಂದ ಅವರು ಇಡೀ ಒಂದು ಸುತ್ತು ಹಿಂದೆ ಬಿದ್ದರು. ಮೊನ್ಜಾದಲ್ಲಿ ಒಂದು ಸುತ್ತೆಂದರೆ ಐದು ಮುಕ್ಕಾಲು ಕಿಲೊಮೀಟರ್. ಅದನ್ನು ತನ್ನಷ್ಟೇ ಗಟ್ಟಿ ಎದುರಾಳಿಗಳ ವಿರುದ್ಧ ಪೂರ್ತಿಯಾಗಿ ಹಿಂಪಡೆದು, ಎಲ್ಲರನ್ನೂ ದಾಟಿ ಮತ್ತೆ ಮುಂದೆ ಬಂದರು. ಕೊನೆಯ ಸುತ್ತಿನಲ್ಲಿ ಪೆಟ್ರೋಲ್ ಸರಿಯಾಗಿ ಬರದೆ ಕಾರು ಕೆಮ್ಮತೊಡಗಿ ಮೂರನೆಯವರಾಗಿ ಮುಗಿಸಿದರು. ದಾಖಲೆ ಪುಸ್ತಕದಲ್ಲಿ ಅದೊಂದು ಮೂರನೇ ಸ್ಥಾನ, ನಾಲ್ಕು ಪಾಯಿಂಟ್. ಆ ರೇಸ್ ನೋಡಿದವರು ಮಾತ್ರ ಬದುಕಿರುವವರೆಗೂ ಅದನ್ನೇ ನೆನೆದರು.

ಸಾವಿನ ಮಾತನ್ನೂ ಎತ್ತಲೇಬೇಕು. ಆ ಕಾಲದ ಚಾಲಕರಿಗೆ ಪಟ್ಟ ಕೂಡಿಹಾಕಲು ಆಯುಷ್ಯವೇ ಇರಲಿಲ್ಲ. ಕ್ಲಾರ್ಕ್ 1968ರ ಏಪ್ರಿಲ್ 7ರಂದು ಹಾಕನ್‌ಹೈಮ್‌ನಲ್ಲಿ ಒಂದು ಫಾರ್ಮುಲಾ ಟು ರೇಸಿನಲ್ಲಿ ತೀರಿಕೊಂಡಾಗ ವಯಸ್ಸು 32. ಚಾಂಪಿಯನ್ ಹಾಥಾರ್ನ್ ರೇಸ್ ಬಿಟ್ಟು ಕೆಲವೇ ತಿಂಗಳಿಗೆ, 1959ರ ಜನವರಿಯಲ್ಲಿ, ಸಾಮಾನ್ಯ ರಸ್ತೆಯ ಅಪಘಾತದಲ್ಲಿ ಹೋದರು. ಮಾಸ್ 1962ರಲ್ಲಿ ಗುಡ್‌ವುಡ್‌ನ ಅಪಘಾತದಿಂದ ಬದುಕಿ ಬಂದರೂ ಗ್ರ್ಯಾನ್ ಪ್ರಿ ಬದುಕು 32ಕ್ಕೇ ಮುಗಿಯಿತು. ರೋನಿ ಪೀಟರ್‌ಸನ್ 1978ರಲ್ಲಿ ತಂಡಕ್ಕೆ ಕೊಟ್ಟ ಮಾತಿನಂತೆ ಎಷ್ಟೋ ರೇಸುಗಳಲ್ಲಿ ಸಹಚಾಲಕ ಮಾರಿಯೊ ಆಂಡ್ರೆಟ್ಟಿ ಹಿಂದೆಯೇ ಓಡಿದರು, ದಾಟಲಿಲ್ಲ. ಮೊನ್ಜಾದ ಅಪಘಾತದ ಮರುದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಪಟ್ಟ ಆಂಡ್ರೆಟ್ಟಿಗೆ ಬಂತು. 1979ರಲ್ಲಿ ನಾಲ್ಕು ಪಾಯಿಂಟ್‌ನಿಂದ ಸಹಚಾಲಕ ಜೋಡಿ ಶೆಕ್ಟರ್‌ಗೆ ಪಟ್ಟ ಬಿಟ್ಟುಕೊಟ್ಟ ಗಿಲ್ ವಿಲ್‌ನಾವ್ 1982ರಲ್ಲಿ ಜೋಲ್ಡರ್‌ನಲ್ಲಿ ಹೋದಾಗ ಅವರ ಖಾತೆಯಲ್ಲಿದ್ದದ್ದು ಆರೇ ಗೆಲುವು. ಆ ಆರು ಗೆಲುವಿನ ಮನುಷ್ಯನ ಹೆಸರನ್ನು ಮಾಂಟ್ರಿಯಲ್‌ನ ಸರ್ಕಿಟ್ ಇಂದಿಗೂ ಹೊತ್ತಿದೆ.

ಪಟ್ಟವನ್ನೇ ಸರ್ವಸ್ವ ಮಾಡಿದ್ದರ ಪರಿಣಾಮ ಚಾಲಕರ ನಡತೆಯ ಮೇಲೂ ಆಗಿದೆ. ನನಗೆ ಇದು ಅಂಕಿಗಳಿಗಿಂತ ಮುಖ್ಯ. 1989ರಲ್ಲಿ ಜಪಾನಿನ ಸುಜುಕಾದಲ್ಲಿ ಪ್ರಾಸ್ಟ್ ಮತ್ತು ಸೆನ್ನಾ ಡಿಕ್ಕಿಯಾದರು, ಪಟ್ಟ ಪ್ರಾಸ್ಟ್‌ಗೆ. ಮರುವರ್ಷ ಅದೇ ಸುಜುಕಾದಲ್ಲಿ ಸೆನ್ನಾ ಮೊದಲ ತಿರುವಿನಲ್ಲೇ ಪ್ರಾಸ್ಟ್‌ಗೆ ಗುದ್ದಿ ಇಬ್ಬರನ್ನೂ ಹೊರಗೆ ಹಾಕಿ ಪಟ್ಟ ಪಡೆದರು. ಅದು ಬೇಕೆಂದೇ ಮಾಡಿದ್ದೆಂದು ಒಂದು ವರ್ಷದ ನಂತರ ಅವರೇ ಒಪ್ಪಿಕೊಂಡರು. 1994ರಲ್ಲಿ ಅಡಿಲೇಡ್‌ನಲ್ಲಿ ಗೋಡೆಗೆ ತಾಗಿ ಹಾನಿಯಾದ ಕಾರನ್ನು ಮೈಕೆಲ್ ಶುಮಾಕರ್ ಡೇಮನ್ ಹಿಲ್‌ಗೆ ಅಡ್ಡ ತಂದರು. ಇಬ್ಬರೂ ಹೊರಬಿದ್ದರು, ಒಂದು ಪಾಯಿಂಟ್‌ನಿಂದ ಪಟ್ಟ ಶುಮಾಕರ್‌ಗೆ. 1997ರಲ್ಲಿ ಜೆರೆಜ್‌ನಲ್ಲಿ ಅವರು ಅದನ್ನೇ ಜಾಕ್ ವಿಲ್‌ನಾವ್ ಮೇಲೆ ಪ್ರಯೋಗಿಸಿ, ವರ್ಷದ ಪಟ್ಟಿಯಿಂದಲೇ ಹೊರಹಾಕಿಸಿಕೊಂಡರು. ಸೆನ್ನಾ, ಶುಮಾಕರ್ ಇಬ್ಬರೂ ಅಪರೂಪದ ಚಾಲಕರು. ಮಳೆಯಲ್ಲಿ ಅವರ ಕೈಚಳಕ ನೆನೆದರೆ ಈಗಲೂ ಮೈ ನವಿರೇಳುತ್ತದೆ. ಆದರೂ ಪೋರ್ಟೊದಲ್ಲಿ ಎದುರಾಳಿಯ ಪರ ಸಾಕ್ಷಿ ಹೇಳಿ ಪಟ್ಟ ಕಳೆದುಕೊಂಡವರನ್ನೂ, ಸುಜುಕಾದಲ್ಲಿ ಎದುರಾಳಿಗೆ ಗುದ್ದಿ ಪಟ್ಟ ಪಡೆದವರನ್ನೂ ಒಂದೇ ಕೋಷ್ಟಕದಲ್ಲಿ ಸೊನ್ನೆ, ಮೂರು ಎಂದು ಬರೆದು ಮುಗಿಸಿದರೆ ಅದು ಅನ್ಯಾಯ.

ಇತ್ತೀಚಿನ ಗಾಯಗಳೂ ಇವೆ. 2008ರ ನವೆಂಬರ್‌ನಲ್ಲಿ ಬ್ರೆಜಿಲ್ ರೇಸ್ ಮುಗಿಯುವಾಗ ನಮ್ಮಲ್ಲಿ ನಡುರಾತ್ರಿ ದಾಟಿತ್ತು. ಫೆಲಿಪೆ ಮಾಸಾ ತವರಿನಲ್ಲಿ ಗೆದ್ದು ಗೆರೆ ದಾಟಿದಾಗ ಚಾಂಪಿಯನ್ ಆದರೆಂದೇ ಟಿ.ವಿ. ಮುಂದೆ ಕೂತಿದ್ದ ನಾನೂ ನಂಬಿದ್ದೆ. ಅವರ ಮನೆಯವರು ಕುಣಿಯುತ್ತಿದ್ದರು. ಒಂದು ನಿಮಿಷ ಕಳೆಯುವುದರಲ್ಲಿ, ಕೊನೆಯ ತಿರುವುಗಳಲ್ಲಿ ಹ್ಯಾಮಿಲ್ಟನ್ ಒಬ್ಬರನ್ನು ದಾಟಿ ಐದನೆಯವರಾಗಿ ಬಂದು ಒಂದು ಪಾಯಿಂಟ್‌ನಿಂದ ಪಟ್ಟ ಪಡೆದರು. ವೇದಿಕೆಯ ಮೇಲೆ ಕಣ್ಣೀರಿನೊಂದಿಗೆ ಎದೆ ತಟ್ಟಿಕೊಂಡು ಜನರಿಗೆ ನಮಿಸಿದ ಮಾಸಾ ಅವರ ಮುಖ ನನಗೆ ಮರೆಯುವುದಿಲ್ಲ. ಅದೇ ವರ್ಷ ಸಿಂಗಪುರದಲ್ಲಿ ಬೇರೆ ತಂಡವೊಂದು ತನ್ನ ಚಾಲಕನಿಂದ ಬೇಕೆಂದೇ ಅಪಘಾತ ಮಾಡಿಸಿತ್ತೆಂದು ನಂತರ ಬಯಲಾಯಿತು. ಮುನ್ನಡೆಯಲ್ಲಿದ್ದ ಮಾಸಾ ಅಂದು ಪಾಯಿಂಟ್ ಇಲ್ಲದೆ ಮರಳಿದ್ದರು. 2024ರಲ್ಲಿ ಅವರು ಲಂಡನ್ನಿನ ಹೈಕೋರ್ಟ್ ಮೆಟ್ಟಿಲೇರಿದರು. 2021ರಲ್ಲಿ ಅಬುಧಾಬಿಯಲ್ಲಿ ಸೇಫ್ಟಿ ಕಾರ್ ನಿಯಮವನ್ನು ರೇಸ್ ನಿರ್ದೇಶಕರು ಜಾರಿ ಮಾಡಿದ ರೀತಿ ಹ್ಯಾಮಿಲ್ಟನ್ ಕೈಯಿಂದ ಎಂಟನೇ ಪಟ್ಟವನ್ನು ಮ್ಯಾಕ್ಸ್ ವರ್ಸ್ಟಾಪನ್‌ಗೆ ದಾಟಿಸಿತು. ಆ ಕೊನೆಯ ಸುತ್ತು ಏನೇ ಆಗಿದ್ದರೂ ವರ್ಸ್ಟಾಪನ್ ಎಂಥ ಚಾಲಕ, ಹ್ಯಾಮಿಲ್ಟನ್ ಎಂಥ ಚಾಲಕ ಎಂಬುದು ಬದಲಾಗುತ್ತಿತ್ತೇ?

ಇನ್ನು, ಪಟ್ಟದ ಲೆಕ್ಕ ನೋಡುವುದು ಒಂದೇ ಕಿಟಕಿಯಿಂದ. ಮಾಸ್ 1955ರಲ್ಲಿ ಇಟಲಿಯ ಹಳ್ಳಿ ರಸ್ತೆಗಳಲ್ಲಿ ಸಾವಿರ ಮೈಲಿಯ ಮಿಲ್ಲೆ ಮಿಲ್ಯಾ ರೇಸನ್ನು ಹತ್ತು ಗಂಟೆ ಏಳು ನಿಮಿಷದಲ್ಲಿ ಮುಗಿಸಿದರು. ಪಕ್ಕದಲ್ಲಿ ಕೂತಿದ್ದ ಪತ್ರಕರ್ತ ಡೆನಿಸ್ ಜೆಂಕಿನ್‌ಸನ್ ಹಾದಿಯ ತಿರುವುಗಳನ್ನೆಲ್ಲ ಉದ್ದನೆಯ ಕಾಗದದ ಸುರುಳಿಯಲ್ಲಿ ಬರೆದಿಟ್ಟು, ಅದನ್ನು ಪೆಟ್ಟಿಗೆಯೊಂದರಲ್ಲಿ ಸುತ್ತುತ್ತ, ಎಂಜಿನ್ ಸದ್ದಿನಲ್ಲಿ ಮಾತು ಕೇಳದ ಕಾರಣ ಕೈಸನ್ನೆಯಲ್ಲೇ ಹೇಳುತ್ತಿದ್ದರು. ದಿಬ್ಬದಾಚೆ ಏನಿದೆ ಎಂದು ಕಾಣದಿದ್ದರೂ ಆ ಕೈಯನ್ನು ನಂಬಿ ಮಾಸ್ ಕಾಲು ತೆಗೆಯಲಿಲ್ಲ. ಈ ದಿನಕ್ಕೆ ಫಾರ್ಮುಲಾ ಒನ್ ಪಟ್ಟದ ಲೆಕ್ಕದಲ್ಲಿ ಒಂದು ಪಾಯಿಂಟೂ ಇಲ್ಲ. ಅಮೆರಿಕದ ಡ್ಯಾನ್ ಗರ್ನಿ 1967ರ ಜೂನ್‌ನಲ್ಲಿ ಒಂದೇ ವಾರದ ಅಂತರದಲ್ಲಿ ಲೆ ಮಾನ್ಸ್ 24 ಗಂಟೆಯ ರೇಸನ್ನೂ, ತಾವೇ ಕಟ್ಟಿಸಿದ ಈಗಲ್ ಕಾರಿನಲ್ಲಿ ಸ್ಪಾದ ರೇಸನ್ನೂ ಗೆದ್ದರು. ಕ್ಲಾರ್ಕ್ ಅಂತ್ಯಕ್ರಿಯೆಯ ದಿನ ಅವರ ತಂದೆ ಗರ್ನಿಯನ್ನು ಪಕ್ಕಕ್ಕೆ ಕರೆದು, ಮಗ ಅಂಜುತ್ತಿದ್ದ ಚಾಲಕ ನೀನೊಬ್ಬನೇ ಎಂದು ಹೇಳಿದರಂತೆ. ಗರ್ನಿಗೆ ಪಟ್ಟ ಬರಲಿಲ್ಲ. ಆ ತಂದೆಯ ಮಾತು ಸಾಲದೇ?

ರ್‍ಯಾಲಿಯಲ್ಲಿ ಮಿಷೆಲ್ ಮೂಟಾನ್ ಇದ್ದಾರೆ. ಫ್ರಾನ್ಸಿನ ಈಕೆ 1982ರ ವಿಶ್ವ ರ್‍ಯಾಲಿಯಲ್ಲಿ ಆಡಿ ಕಾರಿನಲ್ಲಿ ಪೋರ್ಚುಗಲ್, ಗ್ರೀಸ್, ಬ್ರೆಜಿಲ್ ಮೂರೂ ಕಡೆ ಗೆದ್ದರು. ಪಟ್ಟ ನಿರ್ಧರಿಸುವ ಐವರಿ ಕೋಸ್ಟ್ ರ್‍ಯಾಲಿ ಶುರುವಾಗುವ ಹೊತ್ತಿಗೆ ತಂದೆ ತೀರಿಕೊಂಡ ಸುದ್ದಿ ಬಂತು. ದುಃಖ ನುಂಗಿ ಓಡಿಸಿದರು, ಬಹುಪಾಲು ಮುಂದೆಯೇ ಇದ್ದರು. ಕಾರು ಕೈಕೊಟ್ಟಿತು, ಮುಂದೆ ಅಪಘಾತವೂ ಆಯಿತು. ಎರಡು ರ್‍ಯಾಲಿ ಗೆದ್ದ ವಾಲ್ಟರ್ ರೋರ್ಲ್ ಚಾಂಪಿಯನ್ ಆದರು, ಮೂರು ಗೆದ್ದ ಮೂಟಾನ್ ಎರಡನೆಯವರಾದರು. ಪಟ್ಟಗಳ ಪಟ್ಟಿ ಮಾತ್ರ ಓದುವ ಹುಡುಗಿಗೆ ಈ ಹೆಸರು ಸಿಗುವುದೇ ಇಲ್ಲ. ಇದು ನನ್ನನ್ನು ಹೆಚ್ಚು ಕಾಡುತ್ತದೆ.

ನನ್ನ ತೀರ್ಮಾನ ಹೀಗಿದೆ. ಪಟ್ಟ ಒಂದು ವರ್ಷದ ತೀರ್ಪು. ಆ ವರ್ಷದ ಮಟ್ಟಿಗೆ ಅದನ್ನು ಗೌರವಿಸೋಣ. ಚಾಲಕನ ಇಡೀ ಬದುಕಿನ ತೂಕಕ್ಕೆ ಅದು ಒಂದು ಸಾಕ್ಷಿ ಮಾತ್ರ. ಕೈಗೆ ಸಿಕ್ಕ ಕಾರಿನಿಂದ ಅದು ಕೊಡಬಹುದಾದ್ದಕ್ಕಿಂತ ಹೆಚ್ಚನ್ನು ಎಷ್ಟು ಬಾರಿ ಪಡೆದರು, ಅವರ ಕಾಲದ ಇತರ ಚಾಲಕರು ಯಾರ ಹೆಸರಿಗೆ ಅಂಜಿದರು, ಮತ್ತು ಗೆಲ್ಲಲು ಏನನ್ನು ಮಾಡಲು ಒಪ್ಪಲಿಲ್ಲ, ಇವನ್ನು ಕೇಳದೆ ಯಾರನ್ನೂ ಶ್ರೇಷ್ಠ ಎಂದು ಕರೆಯಬಾರದು. ಹೀಗೆ ಕೇಳಿದರೂ ಫಾಂಜಿಯೊ ಮೊದಲಿಗರೇ. ಕ್ಲಾರ್ಕ್ ಅವರ ಪಕ್ಕದಲ್ಲೇ. ಮಾಸ್‌ಗೆ ಅವರಿಬ್ಬರ ಎದುರಿನ ಕುರ್ಚಿ, ಎಷ್ಟೋ ಚಾಂಪಿಯನ್ನರಿಗಿಂತ ಮುಂದೆ. ಲೌಡಾ ಅವರನ್ನು ನಾನು ದೊಡ್ಡವರೆನ್ನುವುದು ಮೂರು ಪಟ್ಟಗಳಿಗಾಗಿ ಅಲ್ಲ. 1976ರಲ್ಲಿ ಬೆಂಕಿಯಲ್ಲಿ ಬೆಂದು ಸಾವಿನ ಬಾಗಿಲಿಗೆ ಹೋದವರು 42 ದಿನಕ್ಕೆ ಮೊನ್ಜಾಕ್ಕೆ ಮರಳಿ, ಮಾಯದ ಗಾಯಗಳ ಮೇಲೆ ಹೆಲ್ಮೆಟ್ ಹಾಕಿ ನಾಲ್ಕನೆಯವರಾದದ್ದಕ್ಕೆ. ಆ ವರ್ಷದ ಪಟ್ಟವನ್ನು ಅವರು ಜೇಮ್ಸ್ ಹಂಟ್‌ಗೆ ಒಂದು ಪಾಯಿಂಟ್‌ನಿಂದ ಸೋತರು.

ಸ್ಕಾಟ್ಲೆಂಡಿನ ಚರ್ನ್‌ಸೈಡ್ ಎಂಬ ಹಳ್ಳಿಯ ಚರ್ಚ್ ಅಂಗಳದಲ್ಲಿ ಜಿಮ್ ಕ್ಲಾರ್ಕ್ ಸಮಾಧಿ ಇದೆ. ಕುರಿ ಸಾಕುವ, ಬೇಸಾಯದ ಮನೆತನ ಅವರದು. ಸಮಾಧಿಯ ಕಲ್ಲಿನ ಮೇಲೆ ಹೆಸರಿನ ಕೆಳಗೆ 1963, 1965ರ ವಿಶ್ವ ಚಾಂಪಿಯನ್ ಎಂದು ಕೆತ್ತಿದ್ದಾರೆ. ಅದಕ್ಕಿಂತ ಮೇಲಿನ ಸಾಲಿನಲ್ಲಿ, ರೈತ ಎಂದಿದೆ.